ಆತಂಕಕ್ಕೆ ಬೇಗ ಕೆಲಸ ಮಾಡುವ ಮಾತ್ರೆಯೇ ಒಳ್ಳೆಯದೇ?

ಪಕ್ಕದ ಮನೆಯವರಿಗೆ ಬೇಗ ಸಮಾಧಾನ ತಂದ ಮಾತ್ರೆಯನ್ನೇ ನಾವೂ ನುಂಗಬಹುದೇ? ಬೇಡ.

ಆಲ್ಪ್ರಜೋಲಾಂ ಗಂಟೆಯೊಳಗೆ ಆತಂಕ ಇಳಿಸುತ್ತದೆ ನಿಜ. ಆದರೆ ವಾರಗಟ್ಟಲೆ ನುಂಗಿದರೆ ದೇಹ ಅದಕ್ಕೆ ಒಗ್ಗಿಬಿಡುತ್ತದೆ, ಚಟವೂ ಆಗಬಹುದು. ಅದಕ್ಕೇ ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ.

ಎಸಿಟಲೋಪ್ರಾಂ, ಸರ್ಟ್ರಾಲಿನ್ ನಿಧಾನ: ಗುಣ ಕಾಣಲು 2ರಿಂದ 6 ವಾರ ಬೇಕು. ಮೊದಮೊದಲು ವಾಕರಿಕೆ, ಚಡಪಡಿಕೆ ಬರಬಹುದು. ಆದರೆ ಇವು ಚಟ ಹಿಡಿಸುವುದಿಲ್ಲ. ತಿಂಗಳುಗಟ್ಟಲೆ ಕಾಡುವ ಆತಂಕಕ್ಕೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಇಂಥವನ್ನೇ.

ಯಾವುದನ್ನೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ಬಹುದಿನ ನುಂಗಿದ ಆಲ್ಪ್ರಜೋಲಾಂ ಹಾಗೆ ಬಿಟ್ಟರೆ ಫಿಟ್ಸ್ ಬರಬಹುದು.

ಕೆರೆಬಿಳಚಿಯಲ್ಲಿ ಕುಳಿತೇ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಕನ್ನಡದಲ್ಲೇ, ಉಚಿತ. ಫಾರ್ವರ್ಡ್ ಮಾಡುವುದಿದ್ದರೆ ಈ ನಂಬರ್ ಮಾಡಿ.