ಕಾಗದ ಕಳೆದರೂ ದಾಖಲೆ ಕಳೆಯದು

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕಚೇರಿಯ ಬಾಗಿಲಲ್ಲಿ ಚಿಂತೆಯ ಮುಖಗಳು ಕಾಣಿಸಿಕೊಳ್ಳುತ್ತವೆ. ಶಾಲೆಯವರು ಜನನ ಪ್ರಮಾಣಪತ್ರ ಕೇಳಿದ್ದಾರೆ. ಟ್ರಂಕಿನಲ್ಲಿಟ್ಟಿದ್ದ ಕಾಗದವನ್ನು ಗೆದ್ದಲು ತಿಂದಿದೆ, ಇಲ್ಲವೇ ಸೋರಿದ ಮಾಳಿಗೆಯ ನೀರಿಗೆ ಅಕ್ಷರಗಳು ಅಳಿಸಿಹೋಗಿವೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಹಾಮಳೆಗೆ ಕೃಷ್ಣಾ-ತುಂಗಭದ್ರೆಯರ ನಡುವಣ ಈ ನಾಡಿನಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದುದನ್ನು ನಾವು ಮರೆತಿಲ್ಲ. "ಫಾದರ್, ನೀವೇ ಏನಾದರೂ ಬರೆದುಕೊಡಿ" ಎಂಬುದು ಆಗ ಕೇಳಿಬರುವ ಮೊರೆ.

ಗುರುಗಳು ಬರೆದುಕೊಡಬಹುದಾದದ್ದೂ ಉಂಟು, ಕೊಡಲಾಗದ್ದೂ ಉಂಟು. ಅದಕ್ಕೆ ಮೊದಲು ಒಂದು ಮಾತನ್ನು ನಾವೆಲ್ಲರೂ ಮನದಟ್ಟು ಮಾಡಿಕೊಳ್ಳಬೇಕು. ಮನೆಯಲ್ಲಿ ಕಳೆದುಹೋದದ್ದು ಕೇವಲ ಒಂದು ಪ್ರತಿ. ಮೂಲ ದಾಖಲೆ ಇರುವುದು ಸರ್ಕಾರದ ನೋಂದಣಿ ಪುಸ್ತಕದಲ್ಲಿ. 1969ರ ಜನನ-ಮರಣ ನೋಂದಣಿ ಕಾಯ್ದೆಯ 17ನೆಯ ವಿಭಾಗದ ಪ್ರಕಾರ ಯಾರೇ ಆಗಲಿ ನಿಗದಿತ ಶುಲ್ಕ ಕಟ್ಟಿ ಆ ಪುಸ್ತಕದಲ್ಲಿ ಹುಡುಕಿಸಿ, ಪ್ರಮಾಣಪತ್ರವನ್ನು ಮತ್ತೆ ಪಡೆಯಬಹುದು. ಇದು ಯಾರದೋ ಕೃಪೆಯಲ್ಲ, ನಮ್ಮ ಹಕ್ಕು. ಆದುದರಿಂದ ದಲ್ಲಾಳಿಗಳ ಕೈಗೆ ಹಣ ಸುರಿಯುವ ಅಗತ್ಯವಿಲ್ಲ.

ಹಾಗಾದರೆ ಜನರು ತಿಂಗಳುಗಟ್ಟಲೆ ಅಲೆಯುವುದೇಕೆ? ಅನೇಕ ಸಲ, ಹುಡುಕಬೇಕಾದ ಕಚೇರಿಯಲ್ಲಿ ಹುಡುಕದಿರುವುದೇ ಕಾರಣ. ಒಂದು ಉದಾಹರಣೆಯನ್ನು ಭಾವಿಸಿಕೊಳ್ಳೋಣ. ತಂದೆತಾಯಿಗಳ ಮನೆ ಮಾನ್ವಿಯಲ್ಲಿ. ಚೊಚ್ಚಲ ಹೆರಿಗೆಗೆ ತಾಯಿ ದೇವದುರ್ಗ ತಾಲೂಕಿನ ತವರಿಗೆ ಹೋದಳು. ಮಗಳು ಅಲ್ಲಿಯೇ ಹುಟ್ಟಿದಳು. ಐದು ತಿಂಗಳ ಬಳಿಕ ಮಾನ್ವಿಗೆ ಮರಳಿ, ಅಲ್ಲಿ ಮಗುವಿಗೆ ಜ್ಞಾನಸ್ನಾನ ಮಾಡಿಸಿದರು. ಮಗಳು ಈಗ ರಾಯಚೂರಿನ ಕಾಲೇಜಿನಲ್ಲಿದ್ದಾಳೆ. ಆಕೆಯ ಜನನ ದಾಖಲೆಯನ್ನು ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಎಷ್ಟು ಹುಡುಕಿದರೂ ಸಿಗದು. ಕಾಯ್ದೆಯ ದೃಷ್ಟಿಯಲ್ಲಿ ಮುಖ್ಯವಾದದ್ದು ವಾಸಸ್ಥಳವಲ್ಲ, ಹುಟ್ಟಿದ ಸ್ಥಳ. ದೇವದುರ್ಗದ ಹಳ್ಳಿಯಲ್ಲಿ ಹುಟ್ಟಿದವಳ ಹೆಸರು ಆ ತಾಲೂಕಿನ ದಾಖಲೆಯಲ್ಲಿರುತ್ತದೆ. ಅದೇ ಹೆರಿಗೆ ಕಷ್ಟವಾಗಿ ರಾಯಚೂರಿನ ಆಸ್ಪತ್ರೆಗೆ ಕರೆತಂದಿದ್ದರೆ ದಾಖಲೆ ರಾಯಚೂರಿನಲ್ಲಿರುತ್ತದೆ. ಗುಳೆ ಹೋದಾಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಹುಟ್ಟಿದ ಮಗುವಿನ ದಾಖಲೆ ಆ ಊರಿನಲ್ಲಿಯೇ ಇರುತ್ತದೆ. ಹಳ್ಳಿಗಳ ಹಳೆಯ ಪುಸ್ತಕಗಳಿಗಾಗಿ ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿ ವಿಚಾರಿಸಬೇಕಾಗುತ್ತದೆ. ಈಚಿನ ವರ್ಷಗಳ ನೋಂದಣಿಗಳು ಇ-ಜನ್ಮ ಗಣಕ ವ್ಯವಸ್ಥೆಯಲ್ಲಿ ದೊರೆಯುವುದರಿಂದ ಹುಡುಕಾಟ ಸುಲಭವಾಗಿದೆ.

ಹುಡುಕಲು ತಾರೀಖು ಬೇಕಲ್ಲ! ಇಲ್ಲಿಯೇ ನಮ್ಮ ದೇವಾಲಯದ ಜ್ಞಾನಸ್ನಾನ ಪುಸ್ತಕ ನೆರವಿಗೆ ಬರುತ್ತದೆ. ಶಾಲೆಯ ದಾಖಲಾತಿಯನ್ನು ನಂಬುವಂತಿಲ್ಲ. ಹುಟ್ಟಿದ ದಿನ ತಿಳಿಯದೆ ಜೂನ್ 1 ಎಂದೇ ಬರೆಸಿದ ಹಿರಿಯರು ನಮ್ಮ ಮನೆಮನೆಯಲ್ಲಿಯೂ ಇದ್ದಾರೆ. 1983ರ ಶ್ರೀಸಭೆಯ ಕಾನೂನು ಸಂಹಿತೆಯ 877ನೆಯ ನಿಯಮವಾದರೋ, ಜ್ಞಾನಸ್ನಾನ ಕೊಟ್ಟವರು, ತಂದೆತಾಯಿಗಳು, ಜ್ಞಾನ ತಂದೆತಾಯಿಗಳು, ಸಂಸ್ಕಾರದ ಸ್ಥಳ ಮತ್ತು ದಿನಾಂಕಗಳ ಜೊತೆಗೆ ಮಗು ಹುಟ್ಟಿದ ದಿನವನ್ನೂ ಸ್ಥಳವನ್ನೂ ತಡಮಾಡದೆ ಬರೆದಿಡಬೇಕೆಂದು ಧರ್ಮಕೇಂದ್ರದ ಗುರುಗಳಿಗೆ ವಿಧಿಸುತ್ತದೆ. ಇಂತಹ ಪುಸ್ತಕಗಳ ಪರಂಪರೆ 16ನೆಯ ಶತಮಾನದ ಟ್ರೆಂಟ್ ಮಹಾಸಭೆಯ ಕಾಲಕ್ಕೆ ಹೋಗುತ್ತದೆ. ಹೊಸ ಧರ್ಮಕೇಂದ್ರಗಳು ಸ್ಥಾಪನೆಯಾಗುವ ಮೊದಲಿನ ಜ್ಞಾನಸ್ನಾನಗಳು ಮೂಲ ಧರ್ಮಕೇಂದ್ರದ ಪುಸ್ತಕದಲ್ಲಿರುವುದು ಸಹಜ. ಅಲ್ಲಿಯೂ ಕೇಳಿ ನೋಡಬೇಕು. ಹಿಂದಿನ 1917ರ ಸಂಹಿತೆಯು ಈ ಪುಸ್ತಕಗಳ ಪ್ರತಿಯನ್ನು ವರ್ಷಕ್ಕೊಮ್ಮೆ ಧರ್ಮಾಧ್ಯಕ್ಷರ ಕಚೇರಿಗೆ ಕಳುಹಿಸಬೇಕೆಂದು ನಿಯಮಿಸಿತ್ತು. ಆದುದರಿಂದ ಹಳೆಯ ಪುಸ್ತಕ ಹಾಳಾಗಿದ್ದರೆ ಬಳ್ಳಾರಿ ಧರ್ಮಕ್ಷೇತ್ರದ ಕಚೇರಿಯಲ್ಲಿ ವಿಚಾರಿಸುವುದು ವ್ಯರ್ಥವಾಗಲಾರದು.

ಆದರೆ ಜ್ಞಾನಸ್ನಾನದ ಪ್ರಮಾಣಪತ್ರವು ಜನನ ಪ್ರಮಾಣಪತ್ರವಲ್ಲ. ಅದು ದಾರಿ ತೋರುವ ದೀಪ, ತಲುಪಬೇಕಾದ ಮನೆಯಲ್ಲ. 2023ರ ಅಕ್ಟೋಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮುಂತಾದವುಗಳಿಗೆ ಹುಟ್ಟಿದ ದಿನ ಮತ್ತು ಸ್ಥಳದ ರುಜುವಾತಾಗಿ ಸರ್ಕಾರದ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ನಮ್ಮ ಭಾಗದವರಿಗೆ ಇನ್ನೊಂದು ಕಾರಣವೂ ಉಂಟು. ಸಂವಿಧಾನದ 371(ಜೆ) ವಿಧಿಯು ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಕೊಟ್ಟಿರುವ ಮೀಸಲಾತಿ ಈ ಪ್ರದೇಶದಲ್ಲಿ ಹುಟ್ಟಿದವರಿಗೆ ಅಥವಾ ನೆಲೆಸಿದವರಿಗೆ ಸೇರಿದ್ದು. ಹುಟ್ಟಿದ ಊರನ್ನು ತೋರಿಸುವ ಕಾಗದಕ್ಕೆ ಇಲ್ಲಿ ಎಷ್ಟು ಬೆಲೆಯೆಂಬುದನ್ನು ಬೇರೆ ಹೇಳಬೇಕಿಲ್ಲ.

ಸರ್ಕಾರದ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ? ಆಗಲೂ ಎದೆಗುಂದಬೇಕಾಗಿಲ್ಲ. ಹುಡುಕಿದರೂ ದೊರೆಯಲಿಲ್ಲವೆಂಬ ಅಲಭ್ಯತಾ ಪ್ರಮಾಣಪತ್ರವನ್ನು ಮೊದಲು ಪಡೆಯಬೇಕು. ಹುಟ್ಟಿ ಒಂದು ವರ್ಷ ಕಳೆದಿದ್ದರೆ ನೋಂದಣಿಗೆ ಹಿಂದೆ ಪ್ರಥಮ ದರ್ಜೆಯ ದಂಡಾಧಿಕಾರಿಗಳ ಆದೇಶ ಬೇಕಾಗಿತ್ತು. 2023ರ ತಿದ್ದುಪಡಿಯು ಆ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಗಳು ನೇಮಿಸಿದ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಕೊಟ್ಟಿದೆ. ಅವರು ಜನನದ ಸತ್ಯಾಸತ್ಯತೆಯನ್ನು ಪರಿಶೀಲಿಸುವಾಗ ಶಾಲೆಯ, ಆಸ್ಪತ್ರೆಯ ಕಾಗದಗಳೊಡನೆ ಜ್ಞಾನಸ್ನಾನದ ದಾಖಲೆಯನ್ನೂ ಮುಂದಿಡಬಹುದು.

ಇಲ್ಲಿಯೇ ಒಂದು ಶೋಧನೆಯೂ ಎದುರಾಗುತ್ತದೆ. ಶಾಲೆಯ ತಾರೀಖಿಗೆ ಹೊಂದುವಂತೆ ಜ್ಞಾನಸ್ನಾನದ ತಾರೀಖನ್ನು ತುಸು ತಿದ್ದಿಕೊಡಿರೆಂದು ಗುರುಗಳನ್ನು ಒತ್ತಾಯಿಸುವವರಿದ್ದಾರೆ. ದಯವಿಟ್ಟು ಹಾಗೆ ಕೇಳದಿರೋಣ. ಒಂದು ಅಂಕಿಯನ್ನು ತಿದ್ದಿದ ಪುಸ್ತಕವನ್ನು ನಾಳೆ ಯಾವ ಅಧಿಕಾರಿಯೂ ನಂಬಲಾರರು. ಒಬ್ಬರ ಅನುಕೂಲಕ್ಕಾಗಿ ಇಡೀ ಸಮುದಾಯದ ಸಾಕ್ಷ್ಯ ಕೆಡುತ್ತದೆ. ತಪ್ಪು ಶಾಲೆಯ ದಾಖಲೆಯಲ್ಲಿದ್ದರೆ ಅಲ್ಲಿಯೇ ಕ್ರಮಬದ್ಧವಾಗಿ ಸರಿಪಡಿಸಿಕೊಳ್ಳುವುದು ಯೋಗ್ಯ.

ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹುಟ್ಟಿದ 21 ದಿನಗಳೊಳಗೆ ಜನನವನ್ನು ವರದಿ ಮಾಡಬೇಕು. ಜ್ಞಾನಸ್ನಾನ ಆ ಬಳಿಕ ನಡೆಯುವುದರಿಂದ ಹೆಸರಿನ ಜಾಗ ಖಾಲಿ ಉಳಿದಿರುತ್ತದೆ. ಮನೆಯಲ್ಲಿ ಕರೆಯುವ ಹೆಸರೊಂದು, ದೇವಾಲಯದಲ್ಲಿ ಇಟ್ಟ ಸಂತರ ಹೆಸರೊಂದು, ಶಾಲೆಯಲ್ಲಿ ಬರೆಸಿದ್ದು ಮತ್ತೊಂದು ಆದರೆ ಮುಂದೆ ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ತೋರುತ್ತದೆ. ಜ್ಞಾನಸ್ನಾನ ಮುಗಿಸಿ ಮನೆಗೆ ಮರಳಿದ ವಾರದಲ್ಲಿಯೇ ನೋಂದಣಿ ಕಚೇರಿಗೆ ಹೋಗಿ ಅದೇ ಹೆಸರನ್ನು ಸೇರಿಸಿಬಿಡುವುದು ಜಾಣತನ. ಒಂದು ವರ್ಷದೊಳಗಾದರೆ ಅದಕ್ಕೆ ಶುಲ್ಕವೂ ಇಲ್ಲ.

ಲೂಕನ ಶುಭಸಂದೇಶದಲ್ಲಿ ಸಂತ ಜೋಸೆಫರು ತುಂಬು ಗರ್ಭಿಣಿ ಮರಿಯಮ್ಮನವರೊಡನೆ ಹೆಸರು ಬರೆಸಲೆಂದು ತಮ್ಮ ಮೂಲ ಊರಾದ ಬೆತ್ಲೆಹೇಮಿಗೆ ನಡೆದರು. ಅರಸನ ಪಟ್ಟಿಯಲ್ಲಿ ಹೆಸರು ಬರೆಸುವುದು ಆ ಪವಿತ್ರ ಕುಟುಂಬಕ್ಕೂ ತಪ್ಪಲಿಲ್ಲ. ನಮ್ಮ ಹೆಸರುಗಳು ಸ್ವರ್ಗದಲ್ಲಿ ಬರೆದಿವೆಯೆಂಬ ಸಂತೋಷ ನಮ್ಮದು, ನಿಜ. ಆದರೆ ದೇವದುರ್ಗದ ತಾಲೂಕು ಕಚೇರಿಯಲ್ಲಿಯೂ ಅವು ಸರಿಯಾಗಿ ಬರೆಯಲ್ಪಟ್ಟಿವೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಮಕ್ಕಳಿಗೆ ನಾವು ಸಲ್ಲಿಸಬೇಕಾದ ಕರ್ತವ್ಯ. ಈ ಭಾನುವಾರ ಪೂಜೆಯಿಂದ ಮರಳಿದ ಮೇಲೆ ಟ್ರಂಕನ್ನು ತೆರೆದು, ಮಕ್ಕಳ ಕಾಗದಗಳು ಇವೆಯೇ ಎಂದು ನೋಡೋಣ.