ಮಂಜುಗಟ್ಟದ ಚಳಿ

ಪ್ರಶ್ನೆ: ಐವಿಎಫ್‌ ಮಾಡಿಸುತ್ತಿರುವ ನಮ್ಮ ಮಗಳ ಭ್ರೂಣಗಳನ್ನು ಫ್ರೀಜ್ ಮಾಡಿ ಇಟ್ಟಿದ್ದಾರೆ. ಅಷ್ಟು ಚಳಿಯಲ್ಲಿ ಅವು ಹಾಳಾಗುವುದಿಲ್ಲವೇ?
– ಓರ್ವ ತಾಯಿ, ಶ್ರೀನಗರ, ಬೆಂಗಳೂರು

ಉತ್ತರ: ಅಮ್ಮಾ, ಭ್ರೂಣಕ್ಕೆ ಅಪಾಯ ಚಳಿಯಿಂದಲ್ಲ, ಜೀವಕೋಶದೊಳಗಿನ ನೀರು ಹರಳುಗಟ್ಟುವುದರಿಂದ. ಅದಕ್ಕೇ ಮೊದಲು ರಕ್ಷಕ ದ್ರಾವಣದಲ್ಲಿಟ್ಟು ಕೋಶದ ಬಹುಪಾಲು ನೀರನ್ನು ಹೊರಗೆಳೆದು, ಥಟ್ಟನೆ ಮೈನಸ್‌ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ಹರಳಾಗಲು ಸಮಯವೇ ಸಿಗದೆ ಎಲ್ಲವೂ ಗಾಜಿನಂತೆ ಗಟ್ಟಿಯಾಗುತ್ತದೆ. ಅಲ್ಲಿ ಭ್ರೂಣಕ್ಕೆ ವಯಸ್ಸಾಗುವುದಿಲ್ಲ. ಅಂಡ ತೆಗೆದ ದಿನ ಮಗಳಿಗೆ ಎಷ್ಟು ವಯಸ್ಸಾಗಿತ್ತೋ ಅದೇ ಲೆಕ್ಕ. ಕರಗಿಸುವಾಗ ಕೆಲವು ಉಳಿಯದೆ ಹೋಗಬಹುದು. ಉಳಿದದ್ದೆಲ್ಲ ಗರ್ಭದಲ್ಲಿ ನಿಲ್ಲುತ್ತದೆ ಎಂಬ ಭರವಸೆಯನ್ನೂ ಯಾರೂ ಕೊಡಲಾರರು.

ಭ್ರೂಣವನ್ನು ಹೀಗೆ ಕಾಪಿಡುವ ಯತ್ನ ಹೊಸದೇನಲ್ಲ. 1978ರ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಹುಟ್ಟಿದ ಐವಿಎಫ್‌ ಮಗು ‘ದುರ್ಗಾ’ ಶೈತ್ಯದಲ್ಲಿಟ್ಟ ಭ್ರೂಣದಿಂದ ಜನಿಸಿದವಳೆಂದು ಡಾ. ಸುಭಾಷ್ ಮುಖೋಪಾಧ್ಯಾಯ ತಿಳಿಸಿದ್ದರು. ಸರ್ಕಾರದ ಸಮಿತಿ ನಂಬಲಿಲ್ಲ. ಮನ್ನಣೆ ಬಂದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಐವಿಎಫ್‌ನಂಥ ಚಿಕಿತ್ಸೆಗಳ ಕುರಿತ 2021ರ ಕಾಯ್ದೆಯಂತೆ ಭ್ರೂಣವನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಚಿಕಿತ್ಸೆ ಪಡೆಯಲು ಹೆಣ್ಣಿಗೆ 50, ಗಂಡಿಗೆ 55 ವರ್ಷದ ಮಿತಿಯಿದೆ. ಎಷ್ಟು ಭ್ರೂಣ, ಎಷ್ಟನೇ ದಿನದವು ಎಂಬುದನ್ನು ಆಸ್ಪತ್ರೆಯಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಭ್ರೂಣ ಸೇರಿಸಿದ ಮೇಲೆ ಫಲಿತಾಂಶ ತಿಳಿಯಲು ಸುಮಾರು ಎರಡು ವಾರ ಬೇಕು. ಅಲ್ಲಿಯವರೆಗೆ ‘ಏನಾಯ್ತು?’ ಎಂದು ಮಗಳನ್ನು ದಿನವೂ ಕೇಳಬೇಡಿ.