ಸೈಟಿನ ಖಾತೆ ಯಾರ ಹೆಸರಿನಲ್ಲಿದೆ?

ಬೆಂಗಳೂರಿನಲ್ಲಿ ಸೈಟು ಎಂದರೆ ಮನೆ ಕಟ್ಟುವ ಜಾಗ. ಅದನ್ನು ಕೊಳ್ಳುವಾಗ ಖಾತೆ ಯಾರ ಹೆಸರಿನಲ್ಲಿದೆ, ಕಂದಾಯ ಕಟ್ಟಿದೆಯೇ ಎಂದು ಹತ್ತು ಸಲ ವಿಚಾರಿಸುತ್ತೇವೆ. ಕೂಟದ ವೆಬ್‌ಸೈಟಿನ ವಿಷಯದಲ್ಲಿ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಯುಗಾದಿ, ರಾಜ್ಯೋತ್ಸವದ ವಿಶೇಷಾಂಕಗಳು, ಸದಸ್ಯರ ಕಥೆ, ಕವನ, ಪ್ರಬಂಧಗಳು ಎಲ್ಲವೂ ಈಗ ಇರುವುದು ಅಲ್ಲೇ. ಎಷ್ಟೋ ಬರಹಗಳಿಗೆ ಬೇರೆ ಪ್ರತಿಯೇ ಇರುವುದಿಲ್ಲ. ಆದ್ದರಿಂದ ಈ ಸೈಟಿನ ಕಾಗದಪತ್ರಗಳನ್ನೂ ಒಮ್ಮೆ ಬಿಚ್ಚಿ ನೋಡೋಣ. ಅದಕ್ಕೆ ಕಂಪ್ಯೂಟರ್ ವಿದ್ಯೆಯೇನೂ ಬೇಕಿಲ್ಲ.

ವೆಬ್‌ಸೈಟ್ ಎಂದರೆ ಎರಡು ಬೇರೆ ಬೇರೆ ವಸ್ತುಗಳ ಜೋಡಿ. ಒಂದು ಹೆಸರು, ಅಂದರೆ ಡೊಮೈನ್. ಇನ್ನೊಂದು ಜಾಗ, ಅಂದರೆ ಹೋಸ್ಟಿಂಗ್. ಎರಡನ್ನೂ ಒಂದೇ ಅಂಗಡಿಯಲ್ಲಿ ಪಡೆಯಬಹುದು, ಬೇರೆ ಬೇರೆ ಕಡೆಯೂ ಪಡೆಯಬಹುದು. ಆದರೆ ಎರಡಕ್ಕೂ ಬಾಡಿಗೆ ಬೇರೆ, ಗಡುವು ಬೇರೆ.

ಜಾಗವೆಂದರೆ ಹಗಲೂ ರಾತ್ರಿ ಇಂಟರ್‌ನೆಟ್ಟಿಗೆ ಜೋಡಿಸಿಕೊಂಡೇ ಇರುವ ಒಂದು ಕಂಪ್ಯೂಟರಿನ ಮೂಲೆ. ನಮ್ಮ ಪುಟಗಳು, ಚಿತ್ರಗಳು ಇರುವುದು ಅಲ್ಲಿ. ಒಂದೇ ಯಂತ್ರದಲ್ಲಿ ಹಲವರ ಸೈಟುಗಳು ವಠಾರದ ಮನೆಗಳಂತೆ ಒತ್ತೊತ್ತಾಗಿ ಇರುವುದುಂಟು. ಇದೇ ಶೇರ್ಡ್ ಹೋಸ್ಟಿಂಗ್. ನಮ್ಮಂಥ ಕೂಟಗಳಿಗೆ ವಠಾರವೇ ಧಾರಾಳವಾಯಿತು.

ಇನ್ನು ಹೆಸರು. ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು 192.0.2.10 ರಂಥ ಸಂಖ್ಯೆಗಳಿಂದ. ಮನುಷ್ಯರಿಗೆ ಇವು ನೆನಪಿರುವುದು ಕಷ್ಟ. ಅದಕ್ಕೇ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. ನೀವು 'ನಮ್ಮಕೂಟ ಡಾಟ್ ಆರ್ಗ್' ಎಂದು ಟೈಪಿಸಿದಿರಿ ಎನ್ನಿ. ನಿಮ್ಮ ಪರವಾಗಿ ಒಂದು ಯಂತ್ರ ಮೊದಲು 'ಡಾಟ್ ಆರ್ಗ್ ದಫ್ತರ ಎಲ್ಲಿದೆ?' ಎಂದು ವಿಚಾರಿಸುತ್ತದೆ. ಆ ದಫ್ತರ 'ನಮ್ಮಕೂಟದ ವಿಳಾಸ ಇಂಥವರ ಬಳಿ ಇದೆ' ಎಂದು ಕೈ ತೋರಿಸುತ್ತದೆ. ಅವರು ಸಂಖ್ಯೆ ಕೊಡುತ್ತಾರೆ. ಆಮೇಲೆ ಪುಟ ನಿಮ್ಮ ಮುಂದೆ ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ!

ಹೆಸರು, ಜಾಗ ಬೇರೆ ಬೇರೆಯಾಗಿರುವುದರಿಂದ ಒಂದು ದೊಡ್ಡ ಅನುಕೂಲವಿದೆ. ಮನೆ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ. ಬಿಟ್ಟಿ ಜಾಗ ಕೊಡುತ್ತಿದ್ದ ಜಿಯೊಸಿಟೀಸನ್ನು ಯಾಹೂ ಅಮೆರಿಕದಲ್ಲಿ 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಪುಟಗಳನ್ನು ಬೇರೆಡೆಗೆ ಸಾಗಿಸಿಕೊಂಡವರಿಗೂ ಹಳೆಯ ವಿಳಾಸ ಉಳಿಯಲಿಲ್ಲ, ಏಕೆಂದರೆ ಅದು ಜಿಯೊಸಿಟೀಸಿನದೇ ಆಗಿತ್ತು. ಸ್ವಂತ ಹೆಸರಿದ್ದವರು ಹೊಸ ಜಾಗದ ಸಂಖ್ಯೆಯನ್ನು ಬರೆಸಿದರೆ ಸಾಕು. ಓದುಗರಿಗೆ ಮನೆ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಆದರೆ 'ಸ್ವಂತ' ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಡೊಮೈನ್ ಕ್ರಯಕ್ಕೆ ಸಿಗುವುದಿಲ್ಲ, ಸಿಗುವುದು ಗುತ್ತಿಗೆ. ಡಾಟ್ ಕಾಂ, ಡಾಟ್ ಆರ್ಗ್ ಹೆಸರುಗಳನ್ನು ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಪಡೆಯಬಹುದು. ಗಡುವು ಮೀರಿದ ಮೇಲೆ ನೋಂದಣಿ ಮಾಡಿಸಿದ ಕಂಪನಿ ಕೆಲವು ದಿನ ಕಾಯಬಹುದು. ಹೆಸರನ್ನು ಅಳಿಸಿದ ನಂತರವೂ 30 ದಿನ ದಂಡ ತೆತ್ತು ಬಿಡಿಸಿಕೊಳ್ಳಲು ಅವಕಾಶವಿದೆ. ಅದಾಗಿ 5 ದಿನಕ್ಕೆ ಹೆಸರು ಬಯಲಿಗೆ ಬೀಳುತ್ತದೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಕೆಲವು ಕಂಪನಿಗಳು ಅದಕ್ಕೂ ಮೊದಲೇ ಹರಾಜಿಗಿಡುವುದುಂಟು.

ಕೂಟಗಳು ಎಡವುವುದು ಇಲ್ಲೇ. ಉತ್ಸಾಹಿ ಸದಸ್ಯರೊಬ್ಬರು ತಮ್ಮ ಕಾರ್ಡಿನಿಂದ ಹಣ ಕಟ್ಟಿ, ತಮ್ಮ ಆಫೀಸಿನ ಈಮೇಲ್ ಕೊಟ್ಟು ಹೆಸರು ನೋಂದಾಯಿಸುತ್ತಾರೆ. ಮಾಡಿದ್ದು ಉಪಕಾರವೇ. ನಾಲ್ಕು ವರ್ಷದಲ್ಲಿ ಅವರು ಕೆಲಸ ಬದಲಿಸುತ್ತಾರೆ, ಊರು ಬಿಡುತ್ತಾರೆ, ಕಾರ್ಡಿನ ಅವಧಿ ಮುಗಿಯುತ್ತದೆ. ನೆನಪೋಲೆಗಳು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತವೆ. ಒಂದು ಬೆಳಿಗ್ಗೆ ಕೂಟದ ಹೆಸರು ಒತ್ತಿದರೆ ಜೂಜಿನ ಜಾಹೀರಾತು ಕಾಣಿಸುತ್ತದೆ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ದಯವಿಟ್ಟು ಮೂರು ವಿಷಯ ಎತ್ತಿ:

1. ಡೊಮೈನ್ ನೋಂದಣಿ ಕೂಟದ ಹೆಸರಿನಲ್ಲಿರಲಿ. ಈಮೇಲ್ ವಿಳಾಸ ಯಾರೊಬ್ಬರ ಸ್ವಂತದ್ದೂ ಆಗದಿರಲಿ. ಅದು ಆ ಡೊಮೈನಿನದೇ ವಿಳಾಸವೂ ಆಗಬಾರದು. ಹೆಸರು ಹೋದರೆ ಅದೂ ಹೋಗುತ್ತದೆ!

2. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಸಮಿತಿ ಬದಲಾದಾಗ ಲೆಕ್ಕಪುಸ್ತಕದ ಜೊತೆ ಇದನ್ನೂ ಒಪ್ಪಿಸಿ, ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಲಿ.

3. ಹೆಸರು ಉಳಿದರೂ ಜಾಗದಲ್ಲಿದ್ದದ್ದು ಅಳಿಸಿಹೋಗಬಹುದು. ಆದ್ದರಿಂದ ಇಡೀ ಸೈಟಿನ ಒಂದು ಪ್ರತಿ ಹೋಸ್ಟಿಂಗ್ ಕಂಪನಿಯ ಹೊರಗೂ, ಯಾರಾದರೊಬ್ಬರ ಮನೆಯ ಡಿಸ್ಕಿನಲ್ಲಾದರೂ, ಇರಲಿ.

ಇಷ್ಟಕ್ಕೆ ಅರ್ಧ ಗಂಟೆಯೂ ಹಿಡಿಯದು. ಬರೆದವರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ. ಅವರ ಬರಹವನ್ನು ಮತ್ತೆ ಕೇಳಿ ಪಡೆಯುವಂತಿಲ್ಲ.